ಮೈಕಾವಲು

ಬೆಳಿಗ್ಗೆ ಏಳೂ ಕಾಲಿಗೆ ನನ್ನ ತಾಯಿ ಸಾವಂತ್ರಮ್ಮ ಬಚ್ಚಲಲ್ಲಿ ಮೊಮ್ಮಗಳಿಗೆ ಎರೆಯುತ್ತಿದ್ದಾಗ ಮಗು ಅಳುವುದನ್ನು ನಿಲ್ಲಿಸಿತು. ಮಗುವಿಗೆ ಆಗ ಎರಡು ತಿಂಗಳು. ಬಿಸಿನೀರು ಬೀಳುವಾಗ ಅಳುತ್ತಿದ್ದ ಕೂಸು ಸುಮ್ಮನಾದರೆ ನಿದ್ದೆ ಬಂತು ಎಂದುಕೊಳ್ಳುವುದು ರೂಢಿ. ನಡುಮನೆಯಲ್ಲಿ ಸಾಂಬ್ರಾಣಿಗೆ ಕೆಂಡ ಊದುತ್ತಿದ್ದ ನಾನೂ ಹಾಗೇ ಅಂದುಕೊಂಡೆ. ಆಮೇಲೆ ತಂಬಿಗೆ ಬಿದ್ದ ಸದ್ದಾಯಿತು. ಅವ್ವ ಕಿರುಚಲಿಲ್ಲ. "ಶಾಂಭವಿ, ಸ್ವಲ್ಪ ಬಾ ಇಲ್ಲಿ" ಅಂದಳು, ಒಲೆ ಮೇಲಿನ ಹಾಲು ಇಳಿಸು ಅನ್ನುವಷ್ಟು ಸಣ್ಣ ದನಿಯಲ್ಲಿ.

ಅವ್ವ ಮಣೆಯ ಮೇಲೆ ಎರಡೂ ಕಾಲು ಚಾಚಿ ಕೂತಿದ್ದಳು. ಮಗು ಅವಳ ಮೊಣಕಾಲಿನ ಕೆಳಗೆ, ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿತ್ತು. ಮೈತುಂಬ ಹರಳೆಣ್ಣೆ. ಕೈಕಾಲು ಒಂದೇ ಸಮನೆ ಎಳೆಯುತ್ತಿದ್ದವು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು, ಬಾಯಿಯಲ್ಲಿ ನೊರೆ. ಹಂಡೆಯ ಹಬೆಯಲ್ಲಿ ಅವ್ವನ ಮುಖದಿಂದ ಬೆವರು ಇಳಿದು ಗದ್ದದಿಂದ ಮಗುವಿನ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಬಚ್ಚಲ ಕಿಟಕಿಯಲ್ಲಿ ಒಂದು ಗುಬ್ಬಿ ಸತ್ತು ಬಿದ್ದಿತ್ತು. ಅದನ್ನು ನಾನು ನೋಡಿದೆ, ಆದರೆ ಆಗ ಅದಕ್ಕೆ ಅರ್ಥ ಕೊಡಲಿಲ್ಲ. ನಮ್ಮೂರಲ್ಲಿ ಸತ್ತ ಹಕ್ಕಿಗೆ ಕೊಡುವ ಅರ್ಥವೇ ಬೇರೆ ಇತ್ತು.

ನಮ್ಮೂರಲ್ಲಿ ಅರವತ್ತು ದಾಟಿದವರ ಮೇಲೆ ಸೊಳ್ಳೆ ಕೂರುವುದಿಲ್ಲ. ಕೂತರೆ ಸಾಯುತ್ತದೆ. ನೊಣ, ಇರುವೆ, ತಿಗಣೆ, ಹೇನು, ಅಕ್ಕಿಹುಳ ಎಲ್ಲದರ ಕಥೆಯೂ ಅಷ್ಟೇ. ಇದನ್ನು ಊರವರು ಮೈಕಾವಲು ಎನ್ನುತ್ತಾರೆ. ಮೈ ತುಂಬಿಕೊಂಡಷ್ಟೂ ಕಾವಲು ಗಟ್ಟಿ ಎಂಬ ನಂಬಿಕೆ. ಬೇರೆ ಊರುಗಳಲ್ಲಿ ಸೊಳ್ಳೆಪರದೆ ಕಟ್ಟಿದರೆ ನಮ್ಮಲ್ಲಿ ನಡುಮನೆಗೆ ಅಜ್ಜಿಯ ಮಂಚ ಎಳೆದು, ಅದರ ಸುತ್ತ ಹಾಸಿಗೆ ಹಾಸುತ್ತಾರೆ. ಮದುವೆ ಮನೆಗಳಲ್ಲಿ ಅಡುಗೆಯವರು ಬರುವ ಮೊದಲೇ ಒಬ್ಬ ದಪ್ಪನೆಯ ಹಿರಿಯರನ್ನು ಕರೆತಂದು ಲಾಡು ಕಟ್ಟುವ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ. ನಮ್ಮ ಎದುರು ಮನೆಯ ಪಂಪಣ್ಣನಿಗೆ ದವಸದ ಅಂಗಡಿ. ಅವನು ತನ್ನ ತಂದೆ ಕೊಟ್ರಜ್ಜನನ್ನು ಗೋದಾಮಿನಲ್ಲಿ ಕಡಲೆ ಚೀಲಗಳ ನಡುವೆ ಕೂರಿಸಿ, ಕೈಗೆ ಒಂದು ರೇಡಿಯೊ ಕೊಟ್ಟಿದ್ದಾನೆ. "ನಮ್ಮಪ್ಪ ಇರೋ ತನಕ ನನ್ನ ಕಡಲೇಲಿ ಒಂದೇ ಒಂದು ತೂತು ತೋರಿಸ್ರಿ ನೋಡೋಣ" ಎಂದು ಗಿರಾಕಿಗಳಿಗೆ ಸವಾಲು ಹಾಕುತ್ತಾನೆ. ಕೊಟ್ರಜ್ಜ ರೇಡಿಯೊ ದನಿ ಜೋರು ಮಾಡಿ, "ನಾನು ಹೋದಮೇಲೂ ಒಂದು ಮೂಲೇಲಿ ನಿಲ್ಲಿಸಿರ್ತಾನೆ ಇವ್ನು" ಅನ್ನುತ್ತಾನೆ.

ಊರಿನ ಪೂರ್ವಕ್ಕೆ ಪುಡಿ ಕಾರ್ಖಾನೆ ಇತ್ತು. ಬೆಳೆಗೆ ಹೊಡೆಯುವ ಹುಳದ ಪುಡಿ, ಬಿಳಿ ಬಣ್ಣದ್ದು, ಅಲ್ಲಿ ತಯಾರಾಗುತ್ತಿತ್ತು. ಈಗ ಅರವತ್ತು ದಾಟಿದವರಲ್ಲಿ ಅಲ್ಲಿ ದುಡಿಯದವರು ಕಡಿಮೆ, ಅದರ ಗಾಳಿ ಕುಡಿಯದವರು ಯಾರೂ ಇಲ್ಲ. ಅವ್ವ ಅಲ್ಲಿ ಡಬ್ಬಿ ತುಂಬುತ್ತಿದ್ದಳು. ಸಂಜೆ ಮನೆಗೆ ಬಂದರೆ ಅವಳ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಿರುತ್ತಿದ್ದವು. ಸೆರಗಿನ ತುದಿಯಲ್ಲಿ ಕಟ್ಟಿ ತಂದ ಪುಡಿಯನ್ನು ಮಕ್ಕಳ ತಲೆಗೆ ಹೇನಿಗೆಂದು ಹಚ್ಚುವುದು ಆಗ ಎಲ್ಲ ಮನೆಯ ಪದ್ಧತಿ. ನನ್ನ ತಲೆಗೂ ಹಚ್ಚಿದ್ದಾಳೆ. ತಂಗಿ ಮಂದಾಕಿನಿ ಹುಟ್ಟುವ ಮೊದಲೇ ಕಾರ್ಖಾನೆ ಮುಚ್ಚಿತು, ಶೆಡ್ಡುಗಳ ತಗಡನ್ನೂ ಜನ ಕಿತ್ತುಕೊಂಡು ಹೋದರು. ಪುಡಿಗೂ ಮೈಕಾವಲಿಗೂ ಇರುವ ನಂಟನ್ನು ಊರು ಗುಟ್ಟು ಮಾಡಿರಲಿಲ್ಲ. ಕಾರ್ಖಾನೆ ಕೂಲಿಯನ್ನೂ ಕೊಟ್ಟಿತು, ಕಾವಲನ್ನೂ ಕೊಟ್ಟಿತು ಎಂದು ಹಿರಿಯರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಕೊಟ್ಟದ್ದು ಮೈಯಲ್ಲಿ ಎಲ್ಲಿ ಕೂತಿದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಇನ್ನೊಂದು ಕಟ್ಟಳೆ ಇತ್ತು. ಅರವತ್ತಾದ ಮೇಲೆ ಯಾರೂ ಸಣ್ಣಗಾಗಕೂಡದು. ಹಿರಿಯರು ಸಣ್ಣಗಾದರೆ ಕಾವಲು ಹೋಗುತ್ತದೆ, ಆಯಸ್ಸೂ ಹೋಗುತ್ತದೆ ಎಂಬ ಮಾತು. ಅದಕ್ಕೆ ಸಾಕ್ಷಿಯೂ ಇತ್ತು: ಕಾಯಿಲೆ ಬಿದ್ದು ಸೊರಗಿದ ಮುದುಕರು ಯಾರೂ ಉಳಿಯುತ್ತಿರಲಿಲ್ಲ. ಕೈ ನಡುಗಿ, ಮೈ ಎಳೆದು, ತಿಂಗಳೊಪ್ಪತ್ತಿನಲ್ಲಿ ಹೋಗಿಬಿಡುತ್ತಿದ್ದರು. ಅಂಥವರ ಮನೆಯ ಅಂಗಳದಲ್ಲಿ ಕಾಗೆ, ಗುಬ್ಬಿ, ಒಮ್ಮೊಮ್ಮೆ ಕೋಳಿಯೂ ಸತ್ತಿರುತ್ತಿದ್ದವು. ಒಳ್ಳೆಯ ಜೀವ, ಹಕ್ಕಿಗಳನ್ನು ಜೊತೆಗೆ ಕರೆದುಕೊಂಡು ಹೋಯಿತು ಎಂದು ಜನ ಕೈಮುಗಿಯುತ್ತಿದ್ದರು. ನಾನು ಕೆಲಸ ಮಾಡುವ ಸ್ಥಳೀಯ ಪತ್ರಿಕೆಯ ನಿಧನ ವಾರ್ತೆಗಳಲ್ಲಿ ಅದಕ್ಕೊಂದು ಸಿದ್ಧ ವಾಕ್ಯವಿತ್ತು: "ಹಕ್ಕಿಗಳೊಡನೆ ತೆರಳಿದರು." ಮನೆಯವರು ಕೇಳಿದರೆ ಹಾಕುತ್ತಿದ್ದೆವು. ಬಹಳ ಮಂದಿ ಕೇಳುತ್ತಿದ್ದರು.

ಹೀಗಾಗಿ ನಮ್ಮೂರಿನ ಸೊಸೆಯಂದಿರು ಅತ್ತೆ ಮಾವಂದಿರಿಗೆ ತುಪ್ಪ ಸುರಿದು ಸಾಕುತ್ತಾರೆ. ನೋಡುವವರಿಗೆ ಅದು ಪ್ರೀತಿ. ಒಳಗೆ ಸೊಳ್ಳೆಯ ಭಯವೂ ಇತ್ತು.

ಅವ್ವ ಊರಿನ ದಪ್ಪ ಹೆಂಗಸರಲ್ಲಿ ಒಬ್ಬಳು. ಅರವತ್ತೆಂಟು ವರ್ಷ. ಮೊಣಕಾಲು ಸವೆದು ನೆಲಕ್ಕೆ ಕೂರುವುದು ಬಿಟ್ಟೇ ಆರೇಳು ವರ್ಷವಾಗಿತ್ತು. ಮಂಚದಿಂದ ಕುರ್ಚಿ, ಕುರ್ಚಿಯಿಂದ ಮಂಚ. ಮದುವೆ ಸೀಸನ್ನಿನಲ್ಲಿ ಮಾತ್ರ ಆಟೊದಲ್ಲಿ ಕರೆದೊಯ್ದು ಲಾಡಿನ ಬಾಗಿಲಲ್ಲಿ ಕೂರಿಸುತ್ತಿದ್ದರು. ಹಾಗಿರುವಾಗ ಮಂದಾ ಬಸುರಿಯಾದಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ. ಸುದ್ದಿ ಕೇಳಿದ ದಿನ ಅವ್ವ ಕೇಳಿದ ಮೊದಲ ಮಾತು: "ಎರೆಯೋರು ಯಾರು?"

"ಯಾರನ್ನಾದ್ರೂ ಗೊತ್ತು ಮಾಡಿದ್ರಾಯ್ತು. ಕೆಳಗಿನ ಓಣಿ ಬಸಲಿಂಗಮ್ಮ ಬರ್ತಾಳಲ್ಲ" ಅಂದೆ.

"ಬಸಲಿಂಗಮ್ಮ ಪಾತ್ರೆ ತೊಳೆದಂಗೆ ತೊಳೀತಾಳೆ. ನಿಮ್ಮಿಬ್ಬರಿಗೂ ಎರೆದದ್ದು ಈ ಕಾಲು. ನನ್ನ ಮೊಮ್ಮಗಂಗೆ ಬೇರೆಯವಳ ಕಾಲು ಯಾಕೆ?"

"ಮೊಮ್ಮಗ ಅಂತ ಯಾರು ಹೇಳಿದ್ರು?"

"ಯಾವುದಾದ್ರೂ ಆಗಲಿ. ಎರೆಯೋಳು ನಾನು."

ಆಸ್ಪತ್ರೆಗೆ ಆಗಷ್ಟೇ ಹೊಸ ಡಾಕ್ಟರ್ ಬಂದಿದ್ದರು. ಉಜ್ವಲಾ ಅಂತ, ದೂರದೂರಿನವರು, ಕೈತುಂಬ ಸೊಳ್ಳೆ ಕಚ್ಚಿದ ಗುರುತು. ಅವ್ವನ ಮೊಣಕಾಲು ಒತ್ತಿ ನೋಡಿ, ಎಲ್ಲ ಊರಿನ ಡಾಕ್ಟರೂ ಹೇಳುವುದನ್ನೇ ಅವರೂ ಹೇಳಿದರು. ತೂಕ ಇಳಿಸಿ, ಅರ್ಧ ನೋವು ಹೋಗುತ್ತದೆ. ನಮ್ಮೂರಿನ ಡಾಕ್ಟರ್ ಆಗಿದ್ದರೆ ಆ ಮಾತು ಆಡುತ್ತಿರಲಿಲ್ಲ. ಅವ್ವ ಆ ರಾತ್ರಿಯಿಂದಲೇ ಅನ್ನ ಬಿಟ್ಟಳು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಸೊಪ್ಪು, ಸಂಜೆ ಮಜ್ಜಿಗೆ. ಮೊದಲ ವಾರ ಕೋಲು ಹಿಡಿದು ಬಾಗಿಲ ತನಕ ನಡೆದಳು, ಆಮೇಲೆ ಓಣಿಯ ತುದಿಗೆ, ಆಮೇಲೆ ಕೆರೆಯ ಏರಿಯ ಮೇಲೆ. ಬಳೆಗಳು ಮೊಣಕೈಗೆ ಜಾರತೊಡಗಿದವು. ರವಿಕೆಗಳನ್ನು ನಾನು ಎರಡು ಸಲ ಹಿಡಿದು ಹೊಲಿದೆ.

ಓಣಿ ಸುಮ್ಮನಿರಲಿಲ್ಲ. ಪಂಪಣ್ಣನ ಹೆಂಡತಿ ಕೊಟ್ರಮ್ಮ ನನ್ನನ್ನು ನಲ್ಲಿಯ ಹತ್ತಿರ ತಡೆದಳು. "ಏನೇ ಶಾಂಭವಿ, ಪೇಪರ್‌ನೋರು ಸಂಬಳ ಕೊಡೋದು ನಿಲ್ಲಿಸಿದ್ರಾ? ಅವ್ವನ್ನ ಹಪ್ಪಳದಂಗೆ ಒಣಗಿಸ್ತಾ ಇದೀಯ."

"ಅವಳೇ ಬಿಟ್ಟಿರೋದು ಅತ್ತಿಗೆ. ಹೇಳಿದ್ರೆ ಕೇಳಲ್ಲ."

"ನಾಳೆ ನಮ್ಮ ಓಣೀಗೆ ಸೊಳ್ಳೆ ನುಗ್ಗಿದ್ರೆ? ನನ್ನ ಮಗಂಗೆ ಡೆಂಗಿ ಬಂದ್ರೆ ನಿಮ್ಮ ಪೇಪರ್‌ನಲ್ಲಿ ಹಾಕ್ತೀಯಾ, ಸಾವಂತ್ರಕ್ಕ ಅಂಬಲಿ ಕುಡಿದದ್ದಕ್ಕೆ ಅಂತ?"

ಸೊಳ್ಳೆ ನುಗ್ಗಲಿಲ್ಲ. ಇದು ಎಲ್ಲರಿಗೂ ಆಶ್ಚರ್ಯ ತಂದಿತು. ಅವ್ವ ಸಣ್ಣಗಾದಂತೆ ಕಾವಲು ಕಡಿಮೆಯಾಗುವ ಬದಲು ಹೆಚ್ಚಾಯಿತು. ಅವಳು ದಿನಗಟ್ಟಲೆ ಇದ್ದ ಜಾಗದಿಂದ ಅದು ಮೆಲ್ಲಗೆ ಹಬ್ಬುತ್ತಿತ್ತು. ಮೊದಲು ಅವಳ ಮಂಚದ ಸುತ್ತ ಮಾತ್ರ ಇದ್ದದ್ದು ನಮ್ಮ ಇಡೀ ಮನೆಗೆ ಹಬ್ಬಿತು, ಆಮೇಲೆ ಪಕ್ಕದ ಮನೆಗೆ, ಮಂದಾ ಹೆರಿಗೆಗೆ ಬರುವ ಹೊತ್ತಿಗೆ ಎದುರು ಮನೆಗೂ. ಕೊಟ್ರಮ್ಮ ಕಿಟಕಿ ತೆಗೆದಿಟ್ಟು ಮಲಗಲು ಶುರು ಮಾಡಿದಳು. "ನಮ್ಮ ಮಾವನಿಗಿಂತ ನಿಮ್ಮವ್ವನೇ ವಾಸಿ" ಅಂದಳು. ಬಚ್ಚಲಲ್ಲಿ ಜಿರಲೆಗಳು ಅಂಗಾತ ಬಿದ್ದಿರುತ್ತಿದ್ದವು. ಮಾಡಿನ ಹಲ್ಲಿಗಳು ಒಂದೊಂದಾಗಿ ಕೆಳಗೆ ಬಿದ್ದವು. ನಮ್ಮ ಹಿತ್ತಿಲಿಗೆ ಬರುತ್ತಿದ್ದ ಬೆಕ್ಕು ಒಂದು ದಿನ ಅವ್ವ ಒಗೆದು ಹಾಕಿದ ಸೀರೆಯ ನೀರು ನೆಕ್ಕಿ, ಸಂಜೆಗೆ ಬಾವಿಕಟ್ಟೆಯ ಹತ್ತಿರ ಸೆಟೆದುಕೊಂಡಿತ್ತು. ವಯಸ್ಸಾಗಿತ್ತು ಎಂದುಕೊಂಡೆವು. ಅವ್ವನ ಕೈಬೆರಳು ಸಣ್ಣಗೆ ನಡುಗುತ್ತಿದ್ದವು, ನಾಲಿಗೆ ಜುಮ್ಮೆನ್ನುತ್ತದೆ ಎನ್ನುತ್ತಿದ್ದಳು. ಅಶಕ್ತಿ ಎಂದುಕೊಂಡೆವು. ಎಲ್ಲದಕ್ಕೂ ನಮ್ಮ ಹತ್ತಿರ ಒಂದು ವಿವರಣೆ ಇತ್ತು, ಮತ್ತು ಪ್ರತಿ ವಿವರಣೆಯೂ ತಪ್ಪಾಗಿತ್ತು.

ಹೆಣ್ಣು ಮಗು ಹುಟ್ಟಿತು. ಆ ಹೊತ್ತಿಗೆ ಅವ್ವ ಯಾರ ಕೈಯನ್ನೂ ಹಿಡಿಯದೆ ನೆಲಕ್ಕೆ ಕೂತು ಏಳುವಂತಾಗಿದ್ದಳು. ಹನ್ನೊಂದನೆಯ ದಿನ ಮಣೆ ಹಾಕಿಕೊಂಡು, ಸೀರೆ ಮೊಣಕಾಲಿಗೆ ಸರಿಸಿ, ಕಾಲು ಚಾಚಿ, "ಕೊಡಿಲ್ಲಿ ನನ್ನ ಚಿನ್ನಾನ" ಅಂದಳು. ಮಂದಾ ಬಾಗಿಲಲ್ಲಿ ನಿಂತು ಅತ್ತಳು. ಅವತ್ತು ಅವ್ವನ ಮುಖ ಹೇಗಿತ್ತು ಎಂದು ವರದಿ ಮಾಡಬಹುದು, ಮಾಡುವುದಿಲ್ಲ. ಅವಳು ಬೇಡಿದ್ದು ಅದೊಂದೇ, ಅದು ಸಿಕ್ಕಿತ್ತು.

ತಂಬಿಗೆ ಬಿದ್ದ ಆ ಬೆಳಿಗ್ಗೆ ನಾವು ಮಗುವನ್ನು ಟವೆಲಿನಲ್ಲಿ ಸುತ್ತಿ ಆಟೊ ಹತ್ತಿದೆವು. ಅವ್ವ ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡು ಎದೆಗೆ ಅವಚಿಕೊಂಡಳು. ಮಂದಾ ಬಾಣಂತಿಯ ತಲೆಬಟ್ಟೆಯಲ್ಲೇ ಬಂದು ಪಕ್ಕದಲ್ಲಿ ಕೂತಿದ್ದಳು, "ಚಿನ್ನಾ, ಚಿನ್ನಾ" ಅನ್ನುವುದು ಬಿಟ್ಟರೆ ಅವಳಿಗೆ ಬೇರೆ ಮಾತು ಬರುತ್ತಿರಲಿಲ್ಲ. ದಾರಿಯುದ್ದಕ್ಕೂ ಮಗು ಎಳೆಯುತ್ತಲೇ ಇತ್ತು. ಡಾಕ್ಟರ್ ಉಜ್ವಲಾ ಅದನ್ನು ಒಳಗೆ ಒಯ್ದು ಸೂಜಿ ಕೊಟ್ಟರು, ನರ್ಸ್ ಎಣ್ಣೆ ಒರೆಸಿ, ಸೋಪಿನಲ್ಲಿ ತೊಳೆದು, ಆಸ್ಪತ್ರೆಯ ಬಟ್ಟೆ ಸುತ್ತಿದಳು. ಸ್ವಲ್ಪ ಹೊತ್ತಿಗೆ ಕೈಕಾಲು ಸಡಿಲವಾದವು. ಹನ್ನೊಂದರ ಸುಮಾರಿಗೆ ಕಣ್ಣು ಬಿಟ್ಟು ಮಂದಾಳ ಹಾಲು ಕುಡಿಯಿತು. ಡಾಕ್ಟರ್, "ಜ್ವರ ಇಲ್ಲ, ತಲೆಗೆ ಪೆಟ್ಟಿಲ್ಲ. ಕಾರಣ ಗೊತ್ತಾಗೋವರೆಗೂ ಇಲ್ಲೇ ಇರಲಿ" ಎಂದು ಬೇರೆ ರೋಗಿಗಳನ್ನು ನೋಡಲು ಹೋದರು.

ನರ್ಸ್ ನಮ್ಮೂರಿನವಳೇ, ಯಲ್ಲೂಬಾಯಿ ಅಂತ. ವಾರ್ಡಿನಲ್ಲಿ ನೊಣ ಇದ್ದವು. ಮಗುವಿನ ಬಾಯಿಯ ಹಾಲಿಗೆ ಮುತ್ತುತ್ತಿದ್ದವು. ಅವಳು ಎರಡು ಸಲ ಕೈ ಬೀಸಿ ಓಡಿಸಿದಳು, ಆಮೇಲೆ ಮಗುವನ್ನು ಎತ್ತಿ ಸೀದಾ ಅವ್ವನ ತೊಡೆಯ ಮೇಲೆ ಮಲಗಿಸಿದಳು. "ಇಷ್ಟು ಒಳ್ಳೆ ಕಾವಲು ಮುಂದೆ ಕೂತಿರೋವಾಗ ನಾನ್ಯಾಕೆ ಬೀಸಣಿಗೆ ಹಿಡೀಲಿ? ಹಿಡ್ಕೊ ಅಜ್ಜಿ." ನಾವು ಮೂವರೂ ಅದನ್ನು ಒಪ್ಪಿದೆವು. ಅದಕ್ಕಿಂತ ಸಹಜವಾದದ್ದು ನಮ್ಮೂರಲ್ಲಿ ಬೇರೆ ಇಲ್ಲ. ನೊಣಗಳು ಹಾಸಿಗೆಯ ಮೇಲೆ ಉದುರಿದವು. ಫ್ಯಾನ್ ಇರಲಿಲ್ಲ, ಸೆಖೆ. ಅವ್ವನ ತೋಳು ಬೆವರಿ ಮಗುವಿನ ಕುತ್ತಿಗೆಗೆ ಅಂಟಿಕೊಂಡಿತ್ತು. ಅವಳು ಸಣ್ಣ ದನಿಯಲ್ಲಿ ಜೋಗುಳ ಹೇಳುತ್ತಿದ್ದಳು. ಎರಡನೆಯ ಸಲ ಮಗುವಿನ ಕಣ್ಣು ಮೇಲಕ್ಕೆ ಹೋದಾಗ ಅವ್ವನೇ ಮೊದಲು ನೋಡಿದಳು.

ಈ ಸಲ ಉಸಿರೂ ನಿಂತಿತು. ಡಾಕ್ಟರ್ ಓಡಿ ಬಂದು, ಮಗುವನ್ನು ಮೇಜಿನ ಮೇಲೆ ಮಲಗಿಸಿ, ಪುಟ್ಟ ಬಾಯಿಗೆ ಬಾಯಿ ಕೊಟ್ಟು ಊದಿದರು. ಮಂದಾ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು, ನಾನು ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದೆ. ಅವ್ವ ಕೂತಲ್ಲೇ ಕೂತಿದ್ದಳು, ಖಾಲಿ ತೋಳುಗಳನ್ನು ಮಗು ಇದ್ದ ಹಾಗೆಯೇ ಮಡಿಸಿಕೊಂಡು. ಮಗು ಕೊನೆಗೆ ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಮಾಡಿತು. ಉಜ್ವಲಾ ಬೆನ್ನು ನೆಟ್ಟಗೆ ಮಾಡಿ ತಿರುಗಿದಾಗ ಅವರ ಕಣ್ಣು ಬಿದ್ದದ್ದು ನಮ್ಮ ಮೇಲಲ್ಲ, ಹಾಸಿಗೆಯ ಮೇಲೆ ಉದುರಿದ್ದ ನೊಣಗಳ ಮೇಲೆ.

"ಇವು ಯಾಕೆ ಸತ್ತಿವೆ?" ಅಂದರು.

"ಕಾವಲು ಮೇಡಂ" ಅಂದಳು ಯಲ್ಲೂಬಾಯಿ. "ಅಜ್ಜೀದು."

ಉಜ್ವಲಾ ಈ ಮಾತನ್ನು ಮೊದಲೂ ಕೇಳಿರಬೇಕು, ಊರಿನ ಮೂಢನಂಬಿಕೆ ಎಂದು ಬಿಟ್ಟಿರಬೇಕು. ಈಗ ಬಿಡಲಿಲ್ಲ. ಅವ್ವನ ಬೆರಳು ಚುಚ್ಚಿ ಒಂದು ಗಾಜಿನ ಮೇಲೆ ಒಂದು ಹನಿ ರಕ್ತ ಇಟ್ಟರು. ಇನ್ನೊಂದರ ಮೇಲೆ ನನ್ನದು, ಮತ್ತೊಂದರ ಮೇಲೆ ತಮ್ಮದು. ಮಂದಾಳಿಗೆ ಹೇಳಿ ಒಂದು ಹನಿ ಮೊಲೆಹಾಲನ್ನೂ ಇಟ್ಟರು. ನಾಲ್ಕನ್ನೂ ಅವ್ವನಿಂದ ದೂರದ ಕಿಟಕಿಯಲ್ಲಿ, ಒಂದಕ್ಕೊಂದು ತಾಗದಂತೆ ಸಾಲಾಗಿ ಜೋಡಿಸಿ ನಿಂತರು. ಡಾಕ್ಟರರ ರಕ್ತಕ್ಕೆ ಒಂದು ನೊಣ ಬಂತು, ಕುಡಿಯಿತು, ಹಾರಿಹೋಯಿತು. ನನ್ನದಕ್ಕೆ ಬಂದದ್ದು ಕುಡಿದು, ಎರಡು ಸಲ ತಿರುಗಿ ಬಿದ್ದು, ಎದ್ದು, ಬಹಳ ಹೊತ್ತು ಕೂತು ಹಾರಿತು. ಅವ್ವನದರ ಹತ್ತಿರ ಬಂದದ್ದು ಹನಿಯನ್ನು ಮುಟ್ಟಲೂ ಇಲ್ಲ. ಗಾಜಿನ ಅಂಚಿನಲ್ಲೇ ಕಾಲು ಮಡಿಸಿತು. ಹಾಲಿನ ಹನಿಗೆ ನೊಣ ಬರಲು ತಡವಾಯಿತು. ಮಂದಾ ಸೆರಗನ್ನು ಬಾಯಿಗೆ ತುರುಕಿಕೊಂಡು ನೋಡುತ್ತಿದ್ದಳು. ಬಂತು, ಕುಡಿಯಿತು, ಕೈ ಉಜ್ಜಿಕೊಂಡಿತು, ಹಾರಿತು. "ಹಾಲು ಕೊಡಿ" ಅಂದರು ಉಜ್ವಲಾ.

ಅವ್ವ ಕೇಳಿದಳು, "ಅಂದ್ರೆ ನನ್ನಿಂದ."

"ನಿಮ್ಮಿಂದ ಅಲ್ಲಮ್ಮ. ನಿಮ್ಮೊಳಗೆ ಇರೋದರಿಂದ. ಆ ಪುಡಿ ಇಷ್ಟು ವರ್ಷ ನಿಮ್ಮ ಕೊಬ್ಬಲ್ಲಿ ಕೂತಿತ್ತು. ಕೊಬ್ಬು ಕರಗಿತು. ಅದು ಕರಗಲಿಲ್ಲ. ರಕ್ತಕ್ಕೆ ಬಂತು, ಬೆವರಿಗೆ ಬಂತು."

"ನೀನೇ ಹೇಳಿದ್ದಲ್ಲವಾ ಡಾಕ್ಟ್ರವ್ವ, ಸಣ್ಣಗಾಗು ಅಂತ."

"ಹೇಳಿದ್ದೆ. ಗೊತ್ತಿರಲಿಲ್ಲ."

ಅವ್ವ ಪೇಟೆಯಲ್ಲಿ ಸೀರೆ ವ್ಯಾಪಾರಕ್ಕೆ ನಿಂತವಳ ಹಾಗೆ ಒಂದೊಂದಾಗಿ ಕೇಳತೊಡಗಿದಳು. "ಹಂಗಾದ್ರೆ ಪೂರ್ತಿ ಬಂದುಬಿಡಲಿ. ಇನ್ನೂ ಸಣ್ಣಗಾಗ್ತೀನಿ. ಊರಾಚೆ ಎಲ್ಲಾದ್ರೂ ಕೂತಿರ್ತೀನಿ, ಎಲ್ಲಾ ಸೋರಿ ಹೋಗೋ ತನಕ. ಆಮೇಲೆ ಮಗೂನ ಎತ್ಕೋಬಹುದಲ್ಲ?"

"ಪೂರ್ತಿ ಬರೋ ಹೊತ್ತಿಗೆ ನೀವಿರಲ್ಲ ಅಮ್ಮ. ಈಗಲೇ ನಿಮ್ಮ ಕೈ ನಡುಗ್ತಿದೆ. ನಾಳೆ ಮಗುವಿಗೆ ಆದದ್ದು ನಿಮಗೂ ಆಗುತ್ತೆ."

"ತಿಂದು ಮತ್ತೆ ದಪ್ಪಗಾದ್ರೆ?"

"ಹೊಸ ಕೊಬ್ಬು ಬಂದಂಗೆ ಅದು ಮತ್ತೆ ಅಲ್ಲೇ ಹೋಗಿ ಕೂರುತ್ತೆ. ಬೆವರಲ್ಲಿ ಬರೋದು ಕಡಿಮೆಯಾಗುತ್ತೆ. ನೀವು ಉಳೀತೀರ."

"ಮೊಣಕಾಲು?"

ಉಜ್ವಲಾ ಕಿಟಕಿಯ ಗಾಜುಗಳನ್ನು ಒಂದೊಂದಾಗಿ ಎತ್ತಿಡತೊಡಗಿದರು. ಅವ್ವ ತನ್ನ ಕಾಲುಗಳನ್ನು ನೋಡಿಕೊಂಡಳು. "ಆ ಪುಡಿ ಎಲ್ಲಿಗೂ ಹೋಗಲ್ಲ ಅನ್ನು ಹಂಗಾದ್ರೆ. ನನ್ನೊಳಗೇ ಇರಬೇಕು, ಇಲ್ಲ ಇನ್ನೊಬ್ಬರೊಳಗೆ ಹೋಗಬೇಕು."

"ಎಲ್ಲಿಗೂ ಹೋಗಲ್ಲ ಅಮ್ಮ."

ಆಗ ನನಗೆ ನಿಧನ ವಾರ್ತೆಗಳ ಆ ವಾಕ್ಯ ನೆನಪಾಯಿತು. ವರ್ಷಗಟ್ಟಲೆ ನಾವು ಅಚ್ಚು ಹಾಕಿದ ಆ ಹಕ್ಕಿಗಳು ಯಾರ ಜೊತೆಗೂ ಹೋದವಲ್ಲ. ಸೊರಗಿದ ಮುದುಕರು ಸಾಯುವ ಮೊದಲು ಅಂಗಳದಲ್ಲಿ ಉಗುಳಿದ್ದನ್ನು ಮುಟ್ಟಿದವು, ಅವರ ಬಟ್ಟೆಯ ನೀರು ಕುಡಿದವು, ಸತ್ತವು. ಮುದುಕರು ಸಣ್ಣಗಾದದ್ದಕ್ಕೆ ಕಾವಲು ಹೋಗಿ ಸತ್ತರು ಎಂದು ಊರು ಹೇಳಿತ್ತು. ಕಾವಲು ಹೊರಗೆ ಬಂದು ಸತ್ತಿದ್ದರು. ನಾನು ವಾರ್ಡಿನ ಹೊರಗೆ ಬಂದು ಕಂಬಕ್ಕೆ ಒರಗಿ ನಿಂತೆ. ಎದುರಿನ ಕಟ್ಟೆಯ ಮೇಲೆ ಅರವತ್ತು ದಾಟಿದವರು ಐದಾರು ಜನ ನೆರಳಿಗೆ ಕೂತಿದ್ದರು. ಸಾಕಿ ಬೆಳೆಸಿದ, ತುಂಬಿದ ಮೈಗಳು. ಅವರ ಮಡಿಲಲ್ಲಿ ರೋಗಿಗಳ ಮಕ್ಕಳು ನಿದ್ದೆ ಹೋಗಿದ್ದವು. ಯಾರನ್ನು ಕೂಗಿ ಎಬ್ಬಿಸಲಿ, ಏನೆಂದು ಹೇಳಲಿ ಎಂದು ನನಗೆ ತೋಚಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಓಣಿಗೆ ಮುಟ್ಟಿತ್ತು, ಅರ್ಧ ಮಾತ್ರ. ಪಂಪಣ್ಣ ಒಂದು ಡಜನ್ ಬಾಳೆಹಣ್ಣು ಹಿಡಿದು ಆಸ್ಪತ್ರೆಗೆ ಬಂದ. ಮಗುವನ್ನು ದೂರದಿಂದ ನೋಡಿ ಲೊಚಗುಟ್ಟಿದ. ಆಮೇಲೆ ಹೊರಗಿನ ಜಗಲಿಯಲ್ಲಿ ಹಾಕಿದ್ದ ಅವ್ವನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡ.

"ಸಾವಂತ್ರಕ್ಕ, ಮಗೂನ ಹತ್ರ ನೀವು ಇರಬಾರದಂತೆ, ನಿಜವಾ?"

"ನಿಜ ಕಣಪ್ಪ."

"ಹಂಗಾದ್ರೆ ಮನೇಲಿ ಒಬ್ಬರೇ ಕೂತು ಏನ್ಮಾಡ್ತೀರಿ? ನಮ್ಮ ಗೋದಾಮಿಗೆ ಬಂದುಬಿಡ್ರಿ. ಅಪ್ಪಂಗೂ ಜೊತೆಯಾಗುತ್ತೆ. ಈ ಸಲ ತೊಗರಿ ಬಾಳ ಬಂದದೆ, ಹುಳ ಶುರುವಾಗದೆ. ನಿಮ್ಮ ಕಾವಲು ನಾಲ್ಕು ಮನೆ ಆಚೆಗೂ ಮುಟ್ಟುತ್ತಂತಲ್ಲ ಈಗ."

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, "ಆ ತೊಗರೀನ ನೀನು ತಿಂತೀಯೋ, ಮಾರ್ತೀಯೋ?"

"ಮಾರ್ತೀನಿ."

"ತಿನ್ನು. ಒಂದು ವಾರ ನೀನೇ ತಿನ್ನು. ಆಮೇಲೆ ಬರ್ತೀನಿ."

ಪಂಪಣ್ಣ ನಕ್ಕ. ಅವ್ವ ನಗಲಿಲ್ಲ. ಅವನ ನಗು ನಿಧಾನವಾಗಿ ನಿಂತಿತು. ಬಾಳೆಹಣ್ಣು ಬಿಟ್ಟು ಎದ್ದುಹೋದ. ಕೊಟ್ರಜ್ಜನನ್ನು ಅವನು ಆ ಸಂಜೆಯೇ ಗೋದಾಮಿನಿಂದ ಮನೆಗೆ ಕರೆತಂದನಂತೆ. ಎರಡು ದಿನದ ಮೇಲೆ ಮತ್ತೆ ಕಳಿಸಿದನಂತೆ. ನಾನು ಈ ವಿಷಯವನ್ನು ಪತ್ರಿಕೆಗೆ ಬರೆದೆ, ಡಾಕ್ಟರರ ಮಾತುಗಳ ಸಮೇತ, ಮೊದಲ ಪುಟದಲ್ಲಿ ಬಂತು. ಊರು ಓದಿತು. ಓದಿ, ಹಿರಿಯರಿಗೆ ಇನ್ನೊಂದು ಸೌಟು ತುಪ್ಪ ಹೆಚ್ಚು ಬಡಿಸಿತು. ಅವರನ್ನು ನಾನು ದೂರಲಾರೆ. ಅದನ್ನು ಬಿಟ್ಟರೆ ಮಾಡುವುದಕ್ಕೆ ಬೇರೇನಿದೆ ಎಂದು ಪತ್ರಿಕೆಗೂ ಗೊತ್ತಿರಲಿಲ್ಲ.

ಮಗು ಒಂದು ವಾರ ಆಸ್ಪತ್ರೆಯಲ್ಲಿತ್ತು. ಮತ್ತೆ ಎಳೆಯಲಿಲ್ಲ. ಅಷ್ಟೂ ದಿನ ಅವ್ವ ಹೊರಗಿನ ಜಗಲಿಯಲ್ಲಿ, ಕಿಟಕಿಯಿಂದ ಮಗು ಕಾಣುವಷ್ಟು ದೂರದಲ್ಲಿ ಇದ್ದಳು. ಅಂಬಲಿ ಬಿಟ್ಟರೆ ಏನೂ ಮುಟ್ಟಲಿಲ್ಲ. ಉಜ್ವಲಾ ಬಂದು ಊಟ ಮಾಡಿ ಎಂದು ದಿನಾ ಹೇಳುತ್ತಿದ್ದರು. "ಮಾಡ್ತೀನಿ ತಾಯಿ. ಇನ್ನೆರಡು ದಿನ ಈ ಕಾಲು ಬೇಕು ನಂಗೆ" ಅನ್ನುತ್ತಿದ್ದಳು. ಯಾಕೆಂದು ಹೇಳಲಿಲ್ಲ.

ಮಂದಾಳ ಗಂಡ ತಿಪ್ಪೇಶ ಕರೆದೊಯ್ಯಲು ಬಂದ. ಅವನ ಊರಲ್ಲಿ ಯಾವ ಕಾರ್ಖಾನೆಯೂ ಇರಲಿಲ್ಲ, ಎರೆಯಲು ಅವನ ತಾಯಿ ಇದ್ದರು. ಬಸ್ ಸ್ಟ್ಯಾಂಡಿಗೆ ಆಟೊ ಕರೆದಾಗ ಅವ್ವ ಹತ್ತಲಿಲ್ಲ. ಮಗು ಇರುವ ಆಟೊದಲ್ಲಿ ತಾನು ಕೂರುವುದು ಬೇಡ ಅಂದಳು. ಇನ್ನೊಂದು ಆಟೊಗೂ ಒಪ್ಪಲಿಲ್ಲ. ಇಡೀ ಪೇಟೆ ಬೀದಿಯನ್ನು, ಕೋಲಿಲ್ಲದೆ, ನನ್ನ ಮುಂದೆ ಮುಂದೆ ನಡೆದಳು. ಅಂಗಡಿಯವರು ಎದ್ದು ನಿಂತು ನೋಡಿದರು. ಅರವತ್ತೆಂಟರ ಹೆಂಗಸು ಹಾಗೆ ಬೀಸುಬೀಸಾಗಿ ನಡೆಯುವುದನ್ನು ನಮ್ಮೂರು ನೋಡಿರಲಿಲ್ಲ.

ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಮಂದಾ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಸ್ಸಿನ ಬಾಗಿಲ ಹತ್ತಿರ ನಿಂತಿದ್ದಳು. ಅವ್ವ ಆಚೆ ಬದಿಯ ಕಬ್ಬಿಣದ ಕಂಬಿಯಾಚೆ ನಿಂತಳು, ಮಾತು ಕೇಳಬೇಕಾದರೆ ಕೂಗಬೇಕು ಅಷ್ಟು ದೂರ. "ಬಜೆ ತೇಯೋದು ಮರೀಬೇಡ. ನೆತ್ತಿಗೆ ಎಣ್ಣೆ ಒತ್ತಬೇಕು, ಸವರೋದಲ್ಲ, ನಿಮ್ಮತ್ತೇಗೆ ಹೇಳು" ಎಂದು ಕೂಗುತ್ತಿದ್ದಳು. ಜನ ತಿರುಗಿ ನೋಡುತ್ತಿದ್ದರು. "ಆಯ್ತವ್ವ" ಎಂದು ಮಂದಾ ಅಳುತ್ತಲೇ ಕೂಗುತ್ತಿದ್ದಳು.

ಆಗ ಮಗುವಿನ ಕೆನ್ನೆಯ ಮೇಲೆ ಒಂದು ಸೊಳ್ಳೆ ಕೂತಿತು. ಮಂದಾ ಕೈ ಎತ್ತಿದಳು.

"ಹೊಡೀಬೇಡ!" ಅವ್ವನ ಕೂಗಿಗೆ ಕಂಡಕ್ಟರ್ ಕೂಡ ನಿಂತ. "ಕಚ್ಚಲಿ. ಬಿಡು, ಕಚ್ಚಲಿ."

ಮಂದಾಳ ಕೈ ಗಾಳಿಯಲ್ಲೇ ನಿಂತಿತು. ತಿಪ್ಪೇಶ ಅರ್ಥವಾಗದೆ ನನ್ನ ಮುಖ ನೋಡಿದ. ಸೊಳ್ಳೆಯ ಹೊಟ್ಟೆ ಕೆಂಪಗೆ ಉಬ್ಬುವುದು ನನಗೆ ಕಂಡಿತು. ಮಗು ಮುಖ ಕಿವುಚಿ ಅತ್ತಿತು. ಸೊಳ್ಳೆ ಎದ್ದು, ಭಾರಕ್ಕೆ ಸ್ವಲ್ಪ ತಗ್ಗಿ, ಬಸ್ಸಿನ ನೆತ್ತಿಯ ಕಡೆಗೆ ಹಾರಿಹೋಯಿತು. ಅವ್ವ ಅದು ಕಣ್ಮರೆಯಾಗುವ ತನಕ ನೋಡಿದಳು. ಮಗುವಿನ ಕೆನ್ನೆಯಲ್ಲಿ ಕಡಲೆ ಕಾಳಿನಷ್ಟು ಗುಳ್ಳೆ ಎದ್ದಿತ್ತು.

ಬಸ್ಸು ಹೋಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಒರೆಸಿದ ಸೆರಗನ್ನು ಸುರುಳಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು, ಯಾರಿಗೂ ತಗುಲದ ಹಾಗೆ. ಸ್ಟ್ಯಾಂಡಿನ ಎದುರು ಒಂದು ಹೋಟೆಲ್ ಇತ್ತು. ಒಳಗೆ ಹೋಗಿ, ಗೋಡೆಯ ಪಕ್ಕದ ಖಾಲಿ ಮೇಜಿಗೆ ಕೂತು, ಬೆಣ್ಣೆ ದೋಸೆ ಹೇಳಿದಳು. ಬೆಣ್ಣೆ ಕಡಿಮೆ ಇದೆ ಎಂದು ವಾಪಸು ಕಳಿಸಿದಳು. ಇನ್ನೊಂದು ಮುದ್ದೆ ಬೆಣ್ಣೆ ಹಾಕಿಸಿಕೊಂಡು, ಮುರಿದು ಮುರಿದು, ಚಟ್ನಿ ಸಮೇತ ಪೂರ್ತಿ ತಿಂದಳು. ಇನ್ನೊಂದು ಹೇಳಿದಳು, ಅದನ್ನೂ ತಿಂದಳು. ಮೂರನೆಯದು ಬರುವಾಗ ಸಂಜೆ ಆರಾಗಿತ್ತು.